ಒಂದೇ ರಾತ್ರಿಗೆ ಕಾಣದ ಚಂದ್ರ



ಚಂದ್ರನ ಮೇಲಿನ ಬೆಟ್ಟಗಳನ್ನೂ ಕುಳಿಗಳನ್ನೂ ನೋಡಲು ಯಾವ ರಾತ್ರಿ ಒಳ್ಳೆಯದು? ಯಾರನ್ನು ಕೇಳಿದರೂ ‘ಹುಣ್ಣಿಮೆ’ ಎಂದೇ ಹೇಳುತ್ತಾರೆ. ದುರ್ಬೀನು ಹಿಡಿದು ನೋಡಿ ಬಲ್ಲವರು ಮಾತ್ರ ಇದನ್ನು ಒಪ್ಪುವುದಿಲ್ಲ. ಹುಣ್ಣಿಮೆಯಂದು ಸೂರ್ಯನ ಬೆಳಕು ನಮ್ಮ ಬೆನ್ನ ಕಡೆಯಿಂದ ಬಂದು ಚಂದ್ರನ ಮೇಲೆ ಬೀಳುತ್ತದೆ. ಆದ್ದರಿಂದ ನಮಗೆ ಅಲ್ಲಿ ನೆರಳೇ ಕಾಣಿಸುವುದಿಲ್ಲ. ನೆರಳಿಲ್ಲದಿದ್ದರೆ ಬೆಟ್ಟವೂ ಬಯಲೂ ಒಂದೇ.

ಶುಕ್ಲಪಕ್ಷದ ಅಷ್ಟಮಿಯ ಅರ್ಧಚಂದ್ರನನ್ನು ನೋಡಿರಿ. ಬೆಳಕೂ ಕತ್ತಲೂ ಸಂಧಿಸುವ ಗೆರೆಯ ಬಳಿ ಬಿಸಿಲು ಓರೆಯಾಗಿ ಬೀಳುತ್ತದೆ. ಬೆಟ್ಟಗಳ ನೆರಳು ಉದ್ದಕ್ಕೆ ಚಾಚಿಕೊಳ್ಳುತ್ತದೆ, ಕುಳಿಗಳ ಅಂಚು ಎದ್ದು ಕಾಣುತ್ತದೆ. ಆ ಗೆರೆ ರಾತ್ರಿಯಿಂದ ರಾತ್ರಿಗೆ ಸರಿಯುತ್ತಾ ಹೋಗುತ್ತದೆ. ನಿನ್ನೆ ಸ್ಪಷ್ಟವಾಗಿದ್ದುದು ಇಂದು ಮಸುಕಾಗುತ್ತದೆ, ನಿನ್ನೆ ಇಲ್ಲವೇ ಇಲ್ಲ ಎಂದುಕೊಂಡದ್ದು ಇಂದು ಕಣ್ಣಿಗೆ ಬೀಳುತ್ತದೆ. 1609ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ನೋಡಿದಾಗ, ಆ ಗೆರೆಯ ಆಚೆ, ಕತ್ತಲಲ್ಲಿ, ಬೆಳಕಿನ ಚುಕ್ಕೆಗಳು ಕಂಡವು. ಗಂಟೆಗಳು ಕಳೆದಂತೆ ಅವು ಹಿಗ್ಗಿ ಬೆಳಕಿನ ಭಾಗವನ್ನು ಸೇರಿಕೊಂಡವು. ಕಣಿವೆಯಲ್ಲಿ ಇನ್ನೂ ಕತ್ತಲಿರುವಾಗಲೇ ಬೆಟ್ಟದ ತುದಿಗೆ ಬಿಸಿಲು ತಾಗುವಂತೆ, ಅವು ಚಂದ್ರನ ಬೆಟ್ಟಗಳ ತುದಿಗಳೆಂದು ಅವರು ಅರಿತರು.

ಹಾಗೆಂದು ಹುಣ್ಣಿಮೆ ವ್ಯರ್ಥವಲ್ಲ. ಟೈಕೋ ಎಂಬ ಕುಳಿಯಿಂದ ಸುತ್ತಲೂ ಹರಡಿರುವ ಬಿಳಿ ಪಟ್ಟೆಗಳು ಚೆನ್ನಾಗಿ ಕಾಣುವುದು ಆಗಲೇ. ಯಾವ ರಾತ್ರಿಯೂ ಸುಳ್ಳು ಹೇಳುವುದಿಲ್ಲ. ಯಾವ ರಾತ್ರಿಯೂ ಪೂರ್ತಿ ಹೇಳುವುದೂ ಇಲ್ಲ.

ಪ್ರಿಯರೇ, ನಮ್ಮ ಮನೆಯವರನ್ನು ನಾವು ಎಷ್ಟು ರಾತ್ರಿ ನೋಡಿ ತೀರ್ಪು ಕೊಟ್ಟಿದ್ದೇವೆ? ಆಸ್ತಿ ಪಾಲಾದ ದಿನ ಅಣ್ಣ ಒಂದು ಮಾತು ಆಡಿದ. ಹತ್ತು ವರ್ಷಗಳಾದರೂ ನಮ್ಮ ಪಾಲಿಗೆ ಅಣ್ಣ ಎಂದರೆ ಆ ಮಾತು ಮಾತ್ರ. ಜ್ವರದಲ್ಲಿ ನಮ್ಮನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ ಅಣ್ಣ ಎಲ್ಲಿ ಹೋದ? ಸೊಸೆ ಬಂದ ಹೊಸತರಲ್ಲಿ ಒಮ್ಮೆ ಎದುರು ಮಾತಾಡಿದಳು. ಅತ್ತೆಯ ಲೆಕ್ಕದಲ್ಲಿ ಅವಳು ಇಂದಿಗೂ ಅಷ್ಟೇ. ಒಂದೇ ಬಲಿಪೂಜೆಗೆ ಬಂದು, ಒಂದೇ ಪ್ರಸಾದ ಸ್ವೀಕರಿಸಿ, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುವ ಒಡಹುಟ್ಟಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ?

ಪಾಸ್ಖ ಹಬ್ಬ ಹುಣ್ಣಿಮೆಯ ಹೊತ್ತಿನ ಹಬ್ಬ. ಆದ್ದರಿಂದಲೇ ಧರ್ಮಸಭೆ ಇಂದಿಗೂ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ಲೆಕ್ಕಹಾಕಿ, ಅದರ ಮುಂದಿನ ಭಾನುವಾರ ಪುನರುತ್ಥಾನ ಮಹೋತ್ಸವವನ್ನು ಆಚರಿಸುತ್ತದೆ. ಅಂಥದೊಂದು ತುಂಬು ಚಂದ್ರನ ರಾತ್ರಿ ಪೇತ್ರನು ತನ್ನ ಗುರುವನ್ನು ಮೂರು ಸಲ ಅಲ್ಲಗಳೆದನು. ಕೋಳಿ ಕೂಗಿದಾಗ ಪ್ರಭು ತಿರುಗಿ ಅವನನ್ನು ನೋಡಿದರು. ಆ ಒಂದು ರಾತ್ರಿಯಿಂದಲೇ ಅಳೆದಿದ್ದರೆ ಪೇತ್ರನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಲೆಯನ್ನು ಬಿಟ್ಟು ಹಿಂದೆ ಬಂದ ಪೇತ್ರನನ್ನೂ ಪ್ರಭು ಬಲ್ಲರು. ಅಲ್ಲಗಳೆದದ್ದನ್ನು ಅವರು ಮರೆಮಾಚಲಿಲ್ಲ. ಸರೋವರದ ದಡದಲ್ಲಿ ಮೂರು ಸಲವೇ ಪ್ರೀತಿಯ ಪ್ರಶ್ನೆ ಕೇಳಿ, ತಮ್ಮ ಮಂದೆಯನ್ನು ಅವನಿಗೇ ಒಪ್ಪಿಸಿದರು.

ಕ್ಷಮೆ ಎಂದರೆ ಕುಳಿಯನ್ನು ಬಯಲೆನ್ನುವುದಲ್ಲ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಅದನ್ನು ಮುಚ್ಚಿಡಬೇಡಿ, ನೆರವು ಕೇಳಿರಿ. ಆದರೆ ಕುಳಿಯೊಂದೇ ಚಂದ್ರನಲ್ಲ.

ಯೇಸುಸಭೆಯ ಗುರು ರಿಚ್ಚೋಲಿಯವರು ತಮ್ಮ ಸಹಗುರು ಗ್ರಿಮಾಲ್ಡಿಯವರೊಡನೆ ಸಿದ್ಧಪಡಿಸಿದ ಚಂದ್ರನ ನಕ್ಷೆ 1651ರಲ್ಲಿ ಇಟಲಿಯ ಬೊಲೋನ್ಯದಲ್ಲಿ ಪ್ರಕಟವಾಯಿತು. ಅವರಿಟ್ಟ ಹಲವು ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. 1969ರಲ್ಲಿ ಮಾನವನು ಮೊದಲು ಕಾಲಿಟ್ಟ ‘ಪ್ರಶಾಂತ ಸಾಗರ’ವೂ ಅವುಗಳಲ್ಲೊಂದು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆಂಬ ಕೊಪರ್ನಿಕಸರ ವಾದವನ್ನು ಆ ಗ್ರಂಥದಲ್ಲಿ ರಿಚ್ಚೋಲಿಯವರು ಒಪ್ಪಲಿಲ್ಲ. ಆದರೂ ಸುಮಾರು 93 ಕಿಲೋಮೀಟರ್ ಅಗಲದ, ಎಲ್ಲರ ಕಣ್ಣಿಗೂ ಬೀಳುವ ಒಂದು ಸುಂದರ ಕುಳಿಗೆ ಅವರದೇ ಹೆಸರಿಟ್ಟರು. ಮಾತು ಒಪ್ಪದಿದ್ದರೂ ಮನುಷ್ಯನಿಗೆ ಸಲ್ಲಬೇಕಾದ ಗೌರವ ಸಲ್ಲಿಸುವುದನ್ನು ಅವರಿಂದ ಕಲಿಯೋಣ.

ಇನ್ನೊಂದು ಮಾತು. ಚಂದ್ರ ನಮಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ. ಆದರೆ ನಮ್ಮ ಕಣ್ಣಿಗೆ ತುಸು ಅತ್ತಿತ್ತ ಓಲಾಡುವಂತೆ ಕಾಣುವುದರಿಂದ, ತಾಳ್ಮೆಯಿಂದ ತಿಂಗಳುಗಟ್ಟಲೆ ನೋಡಿದವರಿಗೆ ನೂರರಲ್ಲಿ 59 ಪಾಲು ಕಾಣಸಿಗುತ್ತದೆ. ಉಳಿದದ್ದು ಇಲ್ಲಿ ನಿಂತವರಿಗೆ ಎಂದೂ ಕಾಣದು. 1959ರಲ್ಲಿ ಸೋವಿಯತ್ ನೌಕೆ ಲೂನಾ-3 ಅಲ್ಲಿಗೇ ಹೋಗಿ ಆ ಹಿಂಬದಿಯ ಚಿತ್ರ ತೆಗೆಯಬೇಕಾಯಿತು. ಗಂಡ ಹೆಂಡತಿಯರೇ, ನಲವತ್ತು ವರ್ಷ ಜೊತೆಗೆ ಬಾಳಿದರೂ ಒಬ್ಬರಿಗೊಬ್ಬರು ಕಾಣದ ಭಾಗವೊಂದು ಉಳಿದೇ ಇರುತ್ತದೆ. ಅದನ್ನು ಬಲ್ಲವರು ದೇವರೊಬ್ಬರೇ. ಕೊನೆಯ ತೀರ್ಪನ್ನು ಅವರಿಗೇ ಬಿಡೋಣ.

ಈ ವಾರ ಅಂಗಳಕ್ಕೆ ಬಂದು ಚಂದ್ರನನ್ನು ನೋಡಿರಿ. ಒಂದೇ ರಾತ್ರಿ ಸಾಲದು, ನಾಲ್ಕಾರು ರಾತ್ರಿ ನೋಡಿರಿ. ಆಮೇಲೆ ಮಾತು ಬಿಟ್ಟಿರುವ ಆ ಒಬ್ಬರ ಮನೆಗೆ ಹೋಗಿ ಬನ್ನಿರಿ. ಪೇತ್ರನನ್ನು ತಿರುಗಿ ನೋಡಿದ ಪ್ರಭು ನಮಗೂ ಆ ನೋಟವನ್ನು ದಯಪಾಲಿಸಲಿ. ಆಮೆನ್.