ಐದು ನಗವೋ, ಐವರೋ?

ಡಚ್ ಕಲಿಯಲು ಕೂತದ್ದು ಆ ಭಾಷೆಯ ಮೇಲಿನ ಪ್ರೀತಿಯಿಂದಲ್ಲ. ನನ್ನ ಸಂಶೋಧನೆಗೆ ಬೇಕಾದ ಕೊಚ್ಚಿಯ ಕಾಗದಗಳು ಅದರಲ್ಲಿದ್ದವು. 1663ರಿಂದ 1795ರವರೆಗೆ ಕೊಚ್ಚಿ ಡಚ್ಚರ ಕೈಯಲ್ಲಿತ್ತು; ಅವರ ಗುಮಾಸ್ತರು ಬರೆದಿಟ್ಟ ಕಡತಗಳು ಈಗ ಚೆನ್ನೈನ ದಾಖಲೆ ಭಂಡಾರದಲ್ಲಿವೆ.

ಮೊದಲ ಜಗಳ ಕಾಗುಣಿತದ ಜೊತೆ. ಗಂಡಸಿಗೆ 'ಮನ್', ಚಂದ್ರನಿಗೆ 'ಮಾನ್'. ದೀರ್ಘ ತೋರಿಸಲು 'ಎ' ಅಕ್ಷರವನ್ನು ಎರಡು ಸಲ ಬರೆಯುತ್ತಾರೆ. ಬಹುವಚನಕ್ಕೆ ಬಂದರೆ ಎಲ್ಲ ತಲೆಕೆಳಗು: ಚಂದ್ರರಲ್ಲಿ ಒಂದು 'ಎ' ಬಿದ್ದುಹೋಗುತ್ತದೆ, ಗಂಡಸರಲ್ಲಿ 'ಎನ್' ಎರಡಾಗುತ್ತದೆ. ಆ ಎರಡನೆಯ 'ಎನ್' ಉಚ್ಚಾರಕ್ಕಲ್ಲ, ಹಿಂದಿನ ಸ್ವರ ಹ್ರಸ್ವವಾಗಿಯೇ ಉಳಿಯಲೆಂದು ನಿಲ್ಲಿಸಿದ ಕಾವಲುಗಾರ. ಹಳೆಯ ಕಡತಗಳಲ್ಲಿ ಈ ಶಿಸ್ತನ್ನೂ ನಂಬುವಂತಿಲ್ಲ. ಅವರಿಗೆ ಅಧಿಕೃತ ಕಾಗುಣಿತ ಬಂದದ್ದೇ 1804ರಲ್ಲಿ.

ಪದಗಳ ಕ್ರಮ ಮಾತ್ರ ನನ್ನನ್ನು ಗೆದ್ದುಬಿಟ್ಟಿತು. ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಜಾಗ ಬಿಟ್ಟು ಕದಲುವುದಿಲ್ಲ. 'ನಿನ್ನೆ' ಎಂದು ಶುರು ಮಾಡಿದರೆ ಕರ್ತೃವೇ ಹಿಂದೆ ಸರಿಯಬೇಕು. ಆದರೆ ಆಗಿಹೋದದ್ದನ್ನು ಹೇಳುವಾಗ ಆ ಜಾಗದಲ್ಲಿ 'ಹೇಫ್ಟ್' ಎಂಬ ಸಹಾಯಕ ಕೂರುತ್ತದೆ. ಏನಾಯಿತು ಎಂಬುದು ವಾಕ್ಯದ ತುದಿಗೆ. ಇಂಥವನು, ಇಂಥ ದಿನ, ಇಷ್ಟು ಹಣಕ್ಕೆ, ಇಂಥದ್ದನ್ನು... ಇಲ್ಲಿಯವರೆಗೆ ಓದಿದರೂ ಕೊಂಡನೋ ಮಾರಿದನೋ ಗೊತ್ತಾಗುವುದಿಲ್ಲ. 'ಖೆಕೊಖ್ಟ್' ಬಂದರೆ ಕೊಂಡ, 'ಫರ್‌ಕೊಖ್ಟ್' ಬಂದರೆ ಮಾರಿದ. ಉಪವಾಕ್ಯದಲ್ಲಂತೂ ಸಹಾಯಕವೂ ಕೊನೆಗೇ ಹೋಗುತ್ತದೆ, ನಮ್ಮ ಮನೆಮಾತಿನ ಹಾಗೆ.

ಒಂದು ರಾತ್ರಿ ಹಾಸ್ಟೆಲಿನಲ್ಲಿ, ನಿಘಂಟು ಮುಟ್ಟದೆ ಒಂದು ಇಡೀ ಸಾಲು ಬಿಡಿಸಿದೆ. ತುದಿಯಲ್ಲಿ 'ಫರ್‌ಕೊಖ್ಟ್' ಸಿಕ್ಕಾಗ ಮೇಜು ತಟ್ಟಿದೆ.

"ಏನಂತೆ?" ಎಂದಳು ಜೊತೆಯವಳು.

"ಒಬ್ಬ ಐದು ಜನ ಗುಲಾಮರನ್ನು ಮಾರಿದ್ದಾನೆ."

"ಅದಕ್ಕೆ ಇಷ್ಟು ಖುಷಿಯಾ, ಮಾರಾಯ್ತಿ?"

ವ್ಯಾಕರಣದ ಖುಷಿ ಬೇರೆ, ವಿಷಯದ ದುಃಖ ಬೇರೆ ಎಂದು ವಾದಿಸಬಹುದಿತ್ತು. ಅದರಲ್ಲಿ ಸುಳ್ಳೂ ಇಲ್ಲ. ಆ ಖುಷಿ ಇರದಿದ್ದರೆ ಇನ್ನೂರೈವತ್ತು ವರ್ಷ ಹಳೆಯ ಕೈಬರಹದ ಮುಂದೆ ಯಾರೂ ಕೂರಲಾರರು. ಪ್ರತಿ ಸಾಲಿಗೂ ಅಳುತ್ತ ಕೂತವರು ಅಕ್ಷರ ತಪ್ಪಾಗಿ ಓದುತ್ತಾರೆ. ನನ್ನನ್ನು ಚುಚ್ಚಿದ್ದು ಬೇರೆ. ವಾಕ್ಯದಲ್ಲಿ ಆ ಐದು ಜನ ಕ್ರಿಯಾಪದಕ್ಕಿಂತ ಮೊದಲೇ ಬಂದಿದ್ದರು. ತುದಿ ಮುಟ್ಟುವ ಆತುರದಲ್ಲಿ ನಾನು ಅವರನ್ನು ದಾಟಿ ಹೋಗಿದ್ದೆ.

ಮತ್ತೆ ಓದಿದೆ. ಆಗ ನಾನು ಜಾರಿಸಿದ್ದ ಪದವೊಂದು ಕಣ್ಣಿಗೆ ಬಿತ್ತು: 'ಸ್ಟುಕ್ಸ್'. ಕಲಿಕೆಯ ಪುಸ್ತಕದಲ್ಲಿ ಕೇಕಿನ ತುಂಡಿಗೆ ಬಂದಿದ್ದ ಪದವೇ ಅದು. ಸರಕು ಎಣಿಸುವಾಗ ನಮ್ಮ ವ್ಯಾಪಾರಿಗಳು 'ನಗ' ಎನ್ನುತ್ತಾರಲ್ಲ, ಹಾಗೆ. ಕಂಪನಿಯ ಕಾಗದಗಳಲ್ಲಿ ಮನುಷ್ಯರ ಎಣಿಕೆಗೂ ಅದೇ. ಯೋಚನೆಯೇ ಇಲ್ಲದೆ ನಾನು 'ಐದು ಜನ' ಎಂದು ಅನುವಾದಿಸಿದ್ದೆ.

ಕನ್ನಡ ಇಲ್ಲಿ ಉದಾರಿ. ಐದು ಮಾವು, ಆದರೆ ಐವರು ಮನುಷ್ಯರು. 'ಐವರು' ಎಂದು ಬರೆದರೆ ಅವರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತದೆ, ಆದರೆ ಗುಮಾಸ್ತನೂ ಮರ್ಯಾದಸ್ಥನಾಗಿಬಿಡುತ್ತಾನೆ. 'ಐದು ನಗ' ಎಂದರೆ ಅವನ ಅಪರಾಧ ಉಳಿಯುತ್ತದೆ, ಆದರೆ ಈ ಸಲ ಎಣಿಸಿದ್ದು ನನ್ನ ಕೈ. ನಮ್ಮ ಗೈಡ್ ಎರಡನೆಯದೇ ಸರಿ, ಅಡಿಟಿಪ್ಪಣಿ ಹಾಕು ಎಂದರು. ಪ್ರಬಂಧದ ಆ ಪುಟದಲ್ಲಿ 'ನಗ' ಎಂದೇ ಇದೆ, ಪೆನ್ಸಿಲಿನಲ್ಲಿ.