ಬೇಡ ಎನ್ನುವ ಮಾತು

ಹಾಸ್ಟೆಲ್ಲಿನಲ್ಲಿದ್ದು ಓದುವ ಹೆಣ್ಣುಮಕ್ಕಳು ರಜೆಗೆ ಊರಿಗೆ ಬಂದರೆ ನಾವು ಮೊದಲು ಮಾತಾಡುವುದು ಅವರ ಓದಿನ ಬಗ್ಗೆ ಅಲ್ಲ, ಮೈಯ ಬಗ್ಗೆ. ‘ಎಷ್ಟು ಸೊರಗಿದ್ದೀಯೇ!’ ಇಲ್ಲವೇ ‘ಚೆನ್ನಾಗಿ ಊದಿದ್ದೀಯಲ್ಲೇ!’ ಗಂಡುಹುಡುಗರಿಗೂ ಹೇಳುತ್ತಾರೆನ್ನಿ. ಆದರೆ ಅದರ ಬೆನ್ನಿಗೇ ಮದುವೆಯ ಮಾತು ಬರುವುದಿಲ್ಲ.

ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಅಕ್ಕನ ಮಗಳು ಬೆಳಗಿನ ತಿಂಡಿ ಬಿಟ್ಟಿದ್ದಾಳೆ. ಮಧ್ಯಾಹ್ನ ಒಂದು ಚಪಾತಿ, ನಾಲ್ಕು ಹೋಳು ಸೌತೆಕಾಯಿ. ರಾತ್ರಿ ಹನ್ನೊಂದಕ್ಕೆ ಹಸಿವು ತಾಳದೆ ಒಂದು ಪೊಟ್ಟಣ ಬಿಸ್ಕತ್ತು. ‘ತಪ್ಪು ಮಾಡಿಬಿಡ್ತೀನಿ ಚಿಕ್ಕಮ್ಮ, ಮಾರನೇ ದಿನ ಪೂರ್ತಿ ಉಪವಾಸ ಇರ್ತೀನಿ’ ಎಂದಳು, ಕಾಪಿ ಹೊಡೆದು ಸಿಕ್ಕಿಬಿದ್ದವಳ ದನಿಯಲ್ಲಿ. ಹಸಿದು ತಿನ್ನುವುದು ಯಾವಾಗಿನಿಂದ ನೀತಿಯ ಪ್ರಶ್ನೆಯಾಯಿತು?

ಅವಳ ಎತ್ತರ ಐದಡಿ ಮೂರಂಗುಲ, ತೂಕ 46 ಕಿಲೋ. ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ 18 ಕೂಡ ಬರುವುದಿಲ್ಲ. 18.5ಕ್ಕಿಂತ ಕೆಳಗಿದ್ದರೆ ತೂಕ ಸಾಲದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೆಕ್ಕ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಕನ್ನಡಿಯ ಮುಂದೆ ಮಾತ್ರ ಬರುವುದಿಲ್ಲ.

1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಯುದ್ಧಕ್ಕೆ ಹೋಗಲೊಪ್ಪದ 36 ಆರೋಗ್ಯವಂತ ತರುಣರು ತಾವಾಗಿಯೇ ಒಪ್ಪಿ, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಕ್ರಮೇಣ ಅವರಿಗೆ ಊಟದ ಯೋಚನೆ ಬಿಟ್ಟು ಬೇರೇನೂ ಉಳಿಯಲಿಲ್ಲ. ಕೆಲವರು ಅಡುಗೆ ಪುಸ್ತಕ ಓದುತ್ತ ಕುಳಿತರು, ಸಿಡುಕಿದರು, ಮಂಕಾದರು. ಜೈಲಿಗಾದರೂ ಹೋದೇವು, ಬಂದೂಕು ಹಿಡಿಯೆವು ಎನ್ನುವ ದೃಢಮನಸ್ಸಿನವರ ಪಾಡೇ ಇದಾದರೆ, ರಾತ್ರಿ ಹನ್ನೊಂದರ ಬಿಸ್ಕತ್ತಿಗೆ ಹುಡುಗಿಯ ಮನೋಬಲವನ್ನು ಹಳಿಯುವುದು ಯಾವ ನ್ಯಾಯ?

ತೂಕ ಇಳಿಸಲೇಬೇಕಾದವರೂ ಇದ್ದಾರೆ, ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 24 ಮಂದಿಯ ತೂಕ ಹೆಚ್ಚು, ಸುಮಾರು 19 ಮಂದಿಯದು ಕಡಿಮೆ. ಅದು ವೈದ್ಯರ ವಿಷಯ. ದಪ್ಪಗಿರುವವಳು ಸೋಮಾರಿ, ತೆಳ್ಳಗಿರುವವಳು ಶಿಸ್ತಿನವಳು ಎಂದು ಪ್ರಮಾಣಪತ್ರ ಕೊಡುವ ಅಧಿಕಾರ ನಮಗೆ ಯಾರು ಕೊಟ್ಟರು?

‘ನನ್ನ ಮೈ, ನನ್ನ ಇಷ್ಟ’ ಎಂದಳು. ಆ ಮಾತು ನನಗೆ ಹಿಡಿಸಿತು. ನಮ್ಮ ಕಾಲದಲ್ಲಿ ನಾವು ಅದನ್ನು ಆಡಲಿಲ್ಲ. ಆದರೂ ಅನುಮಾನ. ಪಲ್ಯ ತಳ ಕಂಡಾಗ ನನ್ನ ಅಮ್ಮನೂ ‘ನಂಗೆ ಬೇಡ’ ಎನ್ನುತ್ತಿದ್ದಳು. ಊರೆಲ್ಲ ಅವಳನ್ನು ಒಳ್ಳೆಯವಳೆನ್ನುತ್ತಿತ್ತು. ಆ ‘ಬೇಡ’ವೂ ಈ ‘ಬೇಡ’ವೂ ಯಾರ ಮೆಚ್ಚುಗೆಗಾಗಿ? ಕೇಳಿದೆ. ಅವಳು ಉತ್ತರಿಸಲಿಲ್ಲ.

ಮುಟ್ಟು ನಿಂತು ಮೂರು ತಿಂಗಳಾಯಿತೆಂದು ಬಾಯಿಬಿಟ್ಟಾಗ ನಾನು ಇಷ್ಟಾನಿಷ್ಟದ ಚರ್ಚೆ ನಿಲ್ಲಿಸಿ ಲೇಡಿ ಡಾಕ್ಟರ ಹತ್ತಿರ ಹೊರಡಿಸಿದೆ. ಮುನಿಸಿಕೊಂಡಳು. ಮುನಿಸಿಕೊಂಡೇ ಆಟೋ ಹತ್ತಿದಳು.