ಮೂರು ದಿನದ ಬಾಗಿಲು

ಪಾಂಡವಪುರದಿಂದ ಮೇಲುಕೋಟೆಯ ಬೆಟ್ಟಕ್ಕೆ ಹೊರಟವರಿಗೆ ರಾಮಾನುಜರ ಕಥೆ ಕೇಳಿಸದೆ ಇರದು. ದಿಲ್ಲಿ ಸೇರಿದ್ದ ಚೆಲುವನಾರಾಯಣನ ಉತ್ಸವಮೂರ್ತಿಯನ್ನು ಆಚಾರ್ಯರು ಮರಳಿ ತರುವಾಗ, ದಾರಿಯಲ್ಲಿ ಅವರನ್ನು ಕಾಪಾಡಿ ಊರು ಮುಟ್ಟಿಸಿದವರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನ. ಆ ಋಣಕ್ಕೆ ರಾಮಾನುಜರು ಅವರನ್ನು ತಿರುಕುಲದವರು ಎಂದು ಕರೆದು, ತೇರಿನ ಸಮಯದಲ್ಲಿ ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬರಮಾಡಿಕೊಂಡರು. ಇದು ಐತಿಹ್ಯ. ಆದರೆ ಆ ಮೂರು ದಿನದ ಪ್ರವೇಶ ನಿಜವಾಗಿ ನಡೆದುಕೊಂಡು ಬಂದ ರೂಢಿ. ಬ್ರಿಟಿಷರ ಕಾಲದ ಬರಹಗಳಲ್ಲೂ ದಾಖಲಾಗಿದೆ.

12ನೆಯ ಶತಮಾನಕ್ಕೆ ಅದು ಸಣ್ಣ ಮಾತಲ್ಲ. ಆ ದೊಡ್ಡತನಕ್ಕೆ ನಾನು ಕೈ ಮುಗಿಯುತ್ತೇನೆ. ಆದರೂ ಲೆಕ್ಕ ಹಾಕದೆ ಮನಸ್ಸು ಸುಮ್ಮನಿರುವುದಿಲ್ಲ. ಉಳಿದ 362 ದಿನ ಅದೇ ಜನ ಅದೇ ಬಾಗಿಲಿನ ಹೊರಗೆ. ಮೂರಿದ್ದದ್ದು ನಾಲ್ಕಾಗಲಿ ಎಂದು ಕೇಳುವುದಕ್ಕೆ ಅವರಿಗೆ ಜಾಗವೇ ಇರಲಿಲ್ಲ. ಕೊಡುಗೆಯಾಗಿ ಬಂದದ್ದು ಕೊಟ್ಟವರ ಅಳತೆಗೇ ನಿಂತುಬಿಡುತ್ತದೆ.

ನಮ್ಮ ಮೈಸೂರು ಸೀಮೆಗೆ ಒಳ್ಳೆಯ ಅರಸರಿದ್ದರು, ಒಳ್ಳೆಯ ದಿವಾನರಿದ್ದರು. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಇಂಡಿಯಾದ ಬೇರೆ ಸಂಸ್ಥಾನಗಳಲ್ಲಿ ಅಂಥದ್ದೊಂದು ಆಗ ಇರಲಿಲ್ಲ. ಹಿಡುವಳಿಯುಳ್ಳ ರೈತರು, ವರ್ತಕರು ಅಲ್ಲಿ ಎದ್ದು ನಿಂತು ತಮ್ಮ ಸೀಮೆಯ ಕೆರೆ, ಕಾಲುವೆ, ಕಂದಾಯದ ಕಷ್ಟ ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಬಹುದಿತ್ತು ಅಷ್ಟೆ. ಅರಿಕೆ ಅವರದು, ಅಪ್ಪಣೆ ಅರಮನೆಯದು. ಕೂಲಿಯಾಳಿಗೆ, ತಳವಾರನಿಗೆ ಆ ಅರಿಕೆಯೂ ಎಟುಕಲಿಲ್ಲ.

ಅರಿಕೆ ಸಾಲದು ಎಂದು ಗಟ್ಟಿಯಾಗಿ ಹೇಳಿದ್ದು ಇದೇ ಮಂಡ್ಯ ನೆಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿತು. ಬಾವುಟ ಹಾರಿಸಕೂಡದೆಂಬ ಸರ್ಕಾರದ ನಿಷೇಧವನ್ನು ಮುರಿದು ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ದಸ್ತಗಿರಿಯಾದರು. ಮುಂದೆ ದಿಲ್ಲಿಯ ಸಂವಿಧಾನ ಸಭೆಯಲ್ಲಿ ಮೈಸೂರಿನ ಪರವಾಗಿ ಕೂತವರಲ್ಲಿ ಅದೇ ಸಿದ್ದಲಿಂಗಯ್ಯನವರೂ ಒಬ್ಬರು, ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಚನ್ನಯ್ಯ ಮೊದಲಾದವರು ಜೊತೆಗಿದ್ದರು. ಕರಡಿನ ಮೊದಲ ರೂಪ ಸಿದ್ಧಪಡಿಸಿದ ಸಲಹೆಗಾರ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. ಮೈಸೂರಿಗೆಂದೇ ಬೇರೊಂದು ಸಂವಿಧಾನ ಬರೆಯಲು ಇಲ್ಲಿಯೂ ಒಂದು ಸಭೆ ಸೇರಿತ್ತು. ಕೊನೆಗೆ ಅದನ್ನು ಕೈಬಿಟ್ಟು, ಭಾರತದ ಸಂವಿಧಾನವೇ ಮೈಸೂರಿನದೂ ಹೌದೆಂದು ಮಹಾರಾಜ ಜಯಚಾಮರಾಜೇಂದ್ರ ಒಡೆಯರು 1949ರ ನವೆಂಬರ್ 25ರಂದು ಘೋಷಿಸಿದರು. ಮಾರನೆಯ ದಿನವೇ ದಿಲ್ಲಿಯಲ್ಲಿ ಅದರ ಅಂಗೀಕಾರ.

ಅದಕ್ಕೂ ಒಂದು ವರ್ಷ ಮೊದಲು, 1948ರ ನವೆಂಬರ್ 29ರಂದು, ಇಂದು 17ನೆಯ ವಿಧಿಯೆಂದು ನಾವು ಓದುವ ಮಾತನ್ನು ದಿಲ್ಲಿಯ ಸಂವಿಧಾನ ಸಭೆ ಒಪ್ಪಿತ್ತು. ಅಸ್ಪೃಶ್ಯತೆ ರದ್ದಾಯಿತು, ಯಾವ ರೂಪದಲ್ಲಿ ಆಚರಿಸಿದರೂ ಅಪರಾಧ. ಇಷ್ಟೇ ಅದರ ತಾತ್ಪರ್ಯ. ಮೂರು ದಿನ, ನಾಲ್ಕು ದಿನ ಎಂಬ ಚೌಕಾಶಿ ಅದರಲ್ಲಿಲ್ಲ. ಸಾರ್ವಜನಿಕ ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೂ ತೆರೆಸುವ ಅಧಿಕಾರವನ್ನು 25ನೆಯ ವಿಧಿ ಸರ್ಕಾರಕ್ಕೆ ಕೊಟ್ಟಿತು. ಮೂಲ್ಕಿಯ ವೆಂಕಟರಮಣ ದೇವಸ್ಥಾನದವರು, ಇದು ಗೌಡ ಸಾರಸ್ವತರ ಗುಡಿ, ನಮಗೆ ದೇವಸ್ಥಾನ ಪ್ರವೇಶದ ಕಾನೂನು ಅನ್ವಯಿಸದು ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 1957ರಲ್ಲಿ ಕೋರ್ಟು ಅವರ ಸಂಪ್ರದಾಯಕ್ಕೂ ಮಾನ್ಯತೆ ಕೊಟ್ಟಿತು, ಕೆಲವು ವಿಶೇಷ ಸೇವೆಗಳನ್ನು ಅವರಿಗೇ ಬಿಟ್ಟಿತು. ಬಾಗಿಲನ್ನು ಮಾತ್ರ ಎಲ್ಲರಿಗೂ ತೆರೆಸಿತು. ಆಲಿಸಿ, ತೂಗಿ, ಕೊಟ್ಟ ಆ ತೀರ್ಪು ನನಗೆ ಬಹಳ ಹಿಡಿಸುತ್ತದೆ.

1951-52ರ ಮೊದಲ ಚುನಾವಣೆಯ ಹೊತ್ತಿಗೆ ಕೃಷ್ಣರಾಜಪೇಟೆಯ ನಾಟಿ ಹೆಣ್ಣಾಳಿಗೂ ಒಂದು ಓಟು, ನಾಗಮಂಗಲದ ಜೋಡಿದಾರನಿಗೂ ಒಂದೇ ಓಟು.

ಸಂವಿಧಾನದ ಕೈಬರಹದ ಮೂಲಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಬರೆದರು. ನಂದಲಾಲ್ ಬೋಸ್ ಮತ್ತು ಅವರ ಶಾಂತಿನಿಕೇತನದ ಬಳಗ ಚಿತ್ರಗಳಿಂದ ಅಲಂಕರಿಸಿತು. 16ನೆಯ ಭಾಗದ ಆರಂಭದಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯ ಜೊತೆ ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಇದ್ದಾನೆ. ಆ ಭಾಗ ಹೇಳುವುದೇನೆಂದರೆ, ಲೋಕಸಭೆ, ವಿಧಾನಸಭೆಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೀಸಲು ಸ್ಥಾನ. ಕೋಟೆ ಕಾಯುತ್ತ 1799ರ ಮೇ 4ರಂದು ಸತ್ತವನ ಚಿತ್ರದ ಕೆಳಗೆ, ಅದೇ ಸೀಮೆಯ ಬೆಟ್ಟದ ಮೇಲೆ ಮೂರು ದಿನದ ಪ್ರವೇಶಕ್ಕೆ ವರ್ಷವಿಡೀ ಕಾದವರ ಮೊಮ್ಮಕ್ಕಳಿಗೆ ಶಾಸನಸಭೆಯ ಕುರ್ಚಿ. ಚಿತ್ರಕಾರರು ಇದನ್ನು ಯೋಚಿಸಿಯೇ ಹೀಗೆ ಜೋಡಿಸಿದರೆಂದು ನಾನು ಹೇಳುತ್ತಿಲ್ಲ. ಆದರೆ ಶ್ರೀರಂಗಪಟ್ಟಣದಿಂದ ಮೇಲುಕೋಟೆಗೆ ಎಷ್ಟು ಹತ್ತಿರ ಎಂದು ಬಲ್ಲ ನಮಗೆ ಆ ಪುಟ ಬೇರೆಯದೇ ರೀತಿಯಲ್ಲಿ ಓದಿಸಿಕೊಳ್ಳುತ್ತದೆ.

2024ರ ಆರಂಭದಲ್ಲಿ ಸಂವಿಧಾನ ಜಾಗೃತಿ ಜಾಥಾದ ಸ್ತಬ್ಧಚಿತ್ರಗಳು ರಾಜ್ಯದ ಪಂಚಾಯಿತಿಗಳನ್ನೆಲ್ಲ ಸುತ್ತಿದವು. ಶಾಲಾ ಮಕ್ಕಳು ಪ್ರಸ್ತಾವನೆ ಓದಿದರು. ಅದೇ ವರ್ಷ ನವೆಂಬರ್‌ನಲ್ಲಿ, ಮಂಡ್ಯ ತಾಲ್ಲೂಕಿನ ಹನಕೆರೆಯ ಕಾಲಭೈರವೇಶ್ವರ ದೇವಸ್ಥಾನಕ್ಕೆ ಊರಿನ ದಲಿತರು ಅಧಿಕಾರಿಗಳ ಎದುರಿನಲ್ಲಿ, ಪೊಲೀಸ್ ಬಂದೋಬಸ್ತಿನಲ್ಲಿ ಒಳಗೆ ಹೋಗಿ ಪೂಜೆ ಮಾಡಿಸಿದರು. ಯಾರ ಕೊಡುಗೆಯನ್ನೂ ಅವರು ಕಾಯಲಿಲ್ಲ. ಆಗ ಸಿಟ್ಟಾದ ಕೆಲವರು ಉತ್ಸವಮೂರ್ತಿಯನ್ನೇ ಗುಡಿಯಿಂದ ಹೊರಗೆ ಸಾಗಿಸಿದರು.

ಮೇಲುಕೋಟೆಯ ಕಥೆಯಲ್ಲಿ ಉತ್ಸವಮೂರ್ತಿಯನ್ನು ಊರಿಗೆ ತಂದು ಮುಟ್ಟಿಸಿದ್ದು ಈ ದಲಿತರ ಹಿರಿಯರೇ.